ಮೂರನೆಯ ಕೂಗು

ಹೋದ ತಿಂಗಳು ತಾರಸಿಯ ಹಳೆಯ ನೀರಿನ ಟ್ಯಾಂಕ್ ಇಳಿಸಲು ಬಂದವನು ಮೇಲಿನಿಂದಲೇ ಕೇಳಿದ: "ಅಕ್ಕ, ಈ ಪೈಪಿಗೆ ತಂತಿ ಬಿಗಿದೋರು ಯಾರು? ಬಿಚ್ಚಕ್ಕೇ ಬರ್ತಿಲ್ಲ. ಪೈಪ್ ಓಡೋಗ್ತದೆ ಅಂತ ಕಟ್ಟಾಕಿದ್ರಾ?"

ಮೆಟ್ಟಿಲು ಹತ್ತಿ ಹೋಗಿ ನೋಡಿದೆ. ಎರಡು ತೆಳು ಉಕ್ಕಿನ ಎಳೆಗಳು, ಶಾಲೆಗೆ ಹೊರಟ ಹುಡುಗಿಯ ಜಡೆಯಂತೆ ಒಂದೇ ಸಮನಾಗಿ ಹೆಣೆದುಕೊಂಡಿದ್ದವು. ಇಷ್ಟು ವರ್ಷದ ಮಳೆಗೂ ತುಕ್ಕು ಹಿಡಿದಿರಲಿಲ್ಲ. ವಿಮಾನದ ಬೋಲ್ಟುಗಳು ಅದುರಿ ಸಡಿಲವಾಗದಂತೆ ಹೀಗೆ ಕಟ್ಟುತ್ತಾರೆ ಎಂದಿದ್ದಳು ಅವಳು. ಬೆರಳಿಟ್ಟೆ... ಆ ಬಿಸಿಲಿನಲ್ಲೂ ತಣ್ಣಗಿತ್ತು.

ನಮ್ಮ ಮಧುಗಿರಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವರ ಮಗಳು ಅವಳು. ತಂದೆಗೆ ಇಲ್ಲಿ ಸರ್ಕಾರಿ ಕೆಲಸ. ಮೂಲತಃ ಪಾವಗಡದ ಕಡೆಯ ಕುರಿ ಸಾಕುವವರು. ತಾಯಿ ಬೇಗ ತೀರಿಕೊಂಡಿದ್ದರಿಂದ ಬೆಳೆಸಿದ್ದೆಲ್ಲ ಅಜ್ಜಿ. ಹುಡುಗಿ ಬೆಂಗಳೂರಿನಲ್ಲಿ ವಿಮಾನಗಳ ಎಂಜಿನಿಯರಿಂಗ್ ಮತ್ತು ನಿರ್ವಹಣೆಯ ಡಿಗ್ರಿ ಓದುತ್ತಿದ್ದಳು. ಎಲ್ಲ ಪೇಪರುಗಳಲ್ಲೂ ಒಳ್ಳೆಯ ಅಂಕ. ಆದರೆ ಪ್ರಾಕ್ಟಿಕಲ್ ಒಂದರಲ್ಲಿ ಫೇಲಾಗಿ ಮನೆಗೆ ಬಂದಿದ್ದಳು. ಮತ್ತೊಮ್ಮೆ ಫೇಲಾದರೆ ಡಿಗ್ರಿಯೇ ಕೈತಪ್ಪುವ ಹೆದರಿಕೆ.

ಫೇಲಾದ ಕಾರಣ ಕೇಳಿ ನಾನು ನಕ್ಕುಬಿಟ್ಟಿದ್ದೆ. ಎಂಜಿನ್ನಿನ ಬಾಗಿಲು ಮುಚ್ಚುವ ಮುನ್ನ ಇಬ್ಬರು ಬೇರೆಬೇರೆಯಾಗಿ ನೋಡಬೇಕಂತೆ. ಆಚೆ ಬದಿಯವರು "ಚೆಕ್?" ಎನ್ನುತ್ತಾರೆ, ಈಚೆಯವರು ತಕ್ಷಣ "ಚೆಕ್ಡ್" ಎನ್ನಬೇಕು. ಇವಳು ಮಾತ್ರ ಮೂರನೆಯ ಸಲ ಕೇಳುವವರೆಗೆ ಬಾಯಿ ಬಿಡುತ್ತಿರಲಿಲ್ಲ.

"ಏನ್ಮಾಡ್ಲಿ ಆಂಟಿ, ಅವ್ವ ಹಂಗೆ ಬೆಳೆಸಿದ್ದು," ಎಂದಳು. ಅಜ್ಜಿಯನ್ನು ಅವಳು ಅವ್ವ ಎನ್ನುತ್ತಿದ್ದಳು.

ಮೆಟ್ಟಿಲ ಮೇಲೆ ಎಲೆ-ಅಡಿಕೆ ಮೆಲ್ಲುತ್ತಿದ್ದ ಅಜ್ಜಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. "ಕುರಿ ಹಿಂದೆ ಅಡವೀಲಿ ಇದ್ದೋರು ನಾವು ಕಣಮ್ಮ. ಮುಚ್ಚಂಜೆ ಹೊತ್ನಾಗೆ ಗಾಳಿ ನಮ್ಮೋರ ದನೀಲೇ ಕೂಗ್ತದೆ. ಅದು ಕೂಗೋದು ಎಲ್ಡೇ ಸಲ. ಮನುಸ್ರಾದ್ರೆ ಮೂರ್ನೇ ಸಲಾನೂ ಕೂಗ್ತಾರೆ. ಅಲ್ಲೀಗಂಟ ಓಗೊಡಬಾರ್ದು."

ಕಾನ್ವೆಂಟಿನಲ್ಲಿ ಓದಿದ ನನಗೆ ಅದು ಚೆಂದದ ಕಥೆ, ಅಷ್ಟೇ. ಸಂಜೆಯ ಹೊತ್ತು ಹುಡುಗಿಯ ಅಭ್ಯಾಸಕ್ಕೆ ನಾನೇ ಜೊತೆಯಾದೆ. ಅವಳು ಮೇಲೆ ಟ್ಯಾಂಕಿನ ಹಿಂದೆ ಪೈಪು, ತಂತಿಗಳೊಡನೆ ಕೂರುತ್ತಿದ್ದಳು. ನಾನು ಕೆಳಗೆ ತುಳಸಿಗೆ ನೀರು ಹಾಕುತ್ತ, ಬಟ್ಟೆ ಮಡಚುತ್ತ, ಅವಳು ಎಣಿಸದ ಗಳಿಗೆಯಲ್ಲಿ "ಚೆಕ್?" ಎನ್ನುತ್ತಿದ್ದೆ. ಮೊದಮೊದಲು ಮೌನ. ಆಮೇಲೆ ಎರಡನೆಯ ಕೂಗಿಗೆ. ಕೊನೆಗೆ ನನ್ನ ಮಾತು ಮುಗಿಯುವ ಮುಂಚೆಯೇ "ಚೆಕ್ಡ್".

"ಅದೇನ್ ಚಕ್ಕೆ ಲವಂಗ ಅಂತ ಕೂಗಾಡ್ತೀರೋ," ಎಂದು ಅಜ್ಜಿ ಗೊಣಗುತ್ತಿದ್ದರು. ಬಾಗಿಲಿನ ಕಡೆಗೆ ಮುಖ ತಿರುಗಿಸಿ ಕೂರುತ್ತಿದ್ದರು.

ಒಂದು ಸಂಜೆ ನಾನು ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ಕೂಗಿರಲಿಲ್ಲ. ಮೇಲಿನಿಂದ ಸ್ಪಷ್ಟವಾಗಿ ಕೇಳಿಸಿತು: "ಚೆಕ್ಡ್." ಸ್ವಲ್ಪ ಹೊತ್ತಿಗೆ ಮತ್ತೆ, "ಚೆಕ್ಡ್." ಹೊರಗೆ ಬಂದೆ. ಅವಳು ತಾರಸಿಯ ಅಂಚಿನಿಂದ ಬಗ್ಗಿ, "ಯಾಕಾಂಟಿ, ಇವತ್ತು ಎರಡೇ ಸಲ?" ಎಂದಳು.

"ನಾನು ಕರೀಲೇ ಇಲ್ವಲ್ಲಮ್ಮ."

"ನಿಮ್ಮ ದನೀನೇ ಆಂಟಿ... ತುಳಸಿ ಹತ್ರದಿಂದ."

ಬೆಟ್ಟದಿಂದ ಮಾರ್ದನಿ ಬಂದಿರಬೇಕು ಎಂದೆ. ಮನೆಯ ಬೆನ್ನಿಗೇ ಏಕಶಿಲೆಯ ಬೆಟ್ಟ. ಕುಕ್ಕರಿನ ಸೀಟಿಯನ್ನೂ ಹಿಂದಿರುಗಿಸುತ್ತದೆ. ಅಜ್ಜಿ ನನ್ನನ್ನೇ ನೋಡಿದರು. "ಕೂಗ್ದೇ ಇದ್ರೆ ಬೆಟ್ಟ ಹೆಂಗೆ ಓಗೊಡ್ತದೆ ಕಣಮ್ಮ?" ಎಂದು ಎದ್ದು ಒಳಗೆ ಹೋದರು.

ಅವಳು ಪಾಸಾದಳು. ಪೇಡ ಹಂಚಿದಳು. ಹೊರಡುವ ಮುನ್ನ ಟ್ಯಾಂಕಿನ ಪೈಪನ್ನು ಭದ್ರವಾಗಿ ಕಟ್ಟಿ, "ಇದಿನ್ನು ಅಲ್ಲಾಡಲ್ಲ ಆಂಟಿ," ಎಂದಳು. ಕೊನೆಯ ಸೆಮಿಸ್ಟರಿನ ತರಬೇತಿಗೆ ನಿಜವಾದ ವಿಮಾನಗಳ ಹ್ಯಾಂಗರಿಗೆ ಹೋದಳು.

ಆದರೆ ತರಬೇತಿಯ ನಡುವೆಯೇ ಒಂದು ದಿನ ಬ್ಯಾಗಿನೊಡನೆ ಗೇಟಿನಲ್ಲಿ ನಿಂತಿದ್ದಳು. ನನ್ನ ಅಡುಗೆಮನೆಯಲ್ಲಿ ಕೂತು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಹೇಳಿದಳು. ರೆಕ್ಕೆಯ ಆಚೆ ಬದಿಯಿಂದ ಜೊತೆಯ ಹುಡುಗಿ "ಚೆಕ್?" ಎಂದಳಂತೆ, ಇವಳು "ಚೆಕ್ಡ್" ಎಂದು ಬಾಗಿಲು ಮುಚ್ಚಿದಳಂತೆ. ಬಗ್ಗಿ ನೋಡಿದರೆ ಆಚೆ ಯಾರೂ ಇಲ್ಲ. ಆ ಹುಡುಗಿ ಊಟಕ್ಕೆ ಹೋಗಿ ಬಹಳ ಹೊತ್ತಾಗಿತ್ತು.

"ಬಾಗಿಲು ತೆಗೆದು ಮತ್ತೆ ನೋಡ್ದೆ. ಎಲ್ಲಾ ಸರಿ ಇತ್ತು. ಆದ್ರೆ ಆ ಪಕ್ಕದಲ್ಲಿ ನೋಡ್ದೋರು ಯಾರು ಆಂಟಿ?" ಲೋಟವನ್ನು ತಿರುಗಿಸುತ್ತಲೇ ಇದ್ದಳು. "ನನ್ನ ಕಿವಿ ಮೇಲೆ ನಂಗೇ ನಂಬಿಕೆ ಇಲ್ಲ. ಅಂಥೋರು ಆ ಕೆಲಸದಲ್ಲಿ ಇರಬಾರ್ದು."

ಡಿಗ್ರಿ ಅಲ್ಲಿಗೇ ನಿಂತಿತು. ತಂದೆಗೆ ಶಿರಾಕ್ಕೆ ವರ್ಗವಾಗಿ ಮನೆ ಖಾಲಿ ಮಾಡಿದರು. ಹೊಸ ಜಾಗದಲ್ಲಿ ಹುಡುಗಿ ಸುಧಾರಿಸಿಕೊಂಡಾಳು ಎಂದುಕೊಂಡೆ...

ಕೆಲವು ತಿಂಗಳ ಮೇಲೆ ತಂದೆಯ ಫೋನ್ ಬಂತು. ಮದಲೂರಿನಲ್ಲಿರುವ ಅಜ್ಜಿಯ ತವರಿಗೆ ಎಲ್ಲರೂ ಹೋಗಿದ್ದರಂತೆ. ದೀಪ ಹಚ್ಚುವ ಹೊತ್ತು, ಜಗಲಿಯಲ್ಲಿ ಅಜ್ಜಿಯ ಪಕ್ಕ ಕೂತಿದ್ದವಳು ಇದ್ದಕ್ಕಿದ್ದಂತೆ "ಹಾಂ, ಬಂದೆ" ಎಂದು ಎದ್ದು ಕೆರೆಯ ಕಡೆಗೆ ನಡೆದಳಂತೆ. ಯಾರೋ ಗೆಳತಿ ಕರೆದಿರಬೇಕು ಎಂದುಕೊಂಡರು. ಕರೆದದ್ದು ಬೇರೆ ಯಾರಿಗೂ ಕೇಳಿಸಿರಲಿಲ್ಲ. ಆ ವರ್ಷ ಕೆರೆ ತುಂಬಿತ್ತು. ಎಷ್ಟು ಹುಡುಕಿದರೂ ಸಿಗಲಿಲ್ಲ.

ಆ ತಂತಿಯನ್ನು ಮುಟ್ಟಿದ ಮೇಲೆ ಮನಸ್ಸು ತಡೆಯದೆ ಮೊನ್ನೆ ಮದಲೂರಿಗೆ ಹೋಗಿದ್ದೆ. ಅಜ್ಜಿ ಈಗ ಅಲ್ಲೇ ಇದ್ದಾರೆ. ಸಂಜೆ ನನ್ನನ್ನೂ ಕರೆದುಕೊಂಡು ಕೆರೆ ಏರಿಯ ಮೇಲೆ ಕೂತರು. ಹೊತ್ತು ಮುಳುಗುತ್ತಿದ್ದಂತೆ ಮೊಮ್ಮಗಳ ಹೆಸರು ಹಿಡಿದು ಕೂಗಿದರು. ಕಾದರು. ಮತ್ತೆ ಕೂಗಿದರು. ಆಮೇಲೆ ಎಲೆ-ಅಡಿಕೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದರು.

"ಇನ್ನೊಂದು ಸಲ ಕೂಗಲ್ವಾ ಅಜ್ಜಿ?" ಎಂದೆ.

"ಇಲ್ಲ ಕಣಮ್ಮ. ಮೂರ್ನೇದಕ್ಕೆ ಓಗೊಡು ಅಂತ ಕಲ್ಸಿದ್ದು ನಾನೇಯ. ಅದಕ್ಕೂ ಓಗೊಡ್ನಿಲ್ಲ ಅಂದ್ರೆ, ಆಮೇಲೆ ನಾನೇನ್ ಮಾಡ್ಲಿ?"

ಅವಳಿಲ್ಲವೆಂದು ನನಗೆ ಗೊತ್ತು. ಅಜ್ಜಿಗೂ ಗೊತ್ತಿರಬೇಕು. ಅವರ ಕೈ ಹಿಡಿದುಕೊಂಡು ಏರಿಯಿಂದ ಇಳಿದೆ. ಹಿಂದೆ ನೀರು ಅಲುಗದೆ ಬಿದ್ದಿತ್ತು...