ಒಗೆಯುವ ಕಲ್ಲಿನ ಗೆರೆಗಳು

ನಮ್ಮ ಮನೆಯ ಒಗೆಯುವ ಕಲ್ಲಿನ ಬಗ್ಗೆ ಒಂದು ಸತ್ಯವನ್ನು ಅಜ್ಜಿಯಿಂದ ಇಷ್ಟು ವರ್ಷ ಮುಚ್ಚಿಟ್ಟಿದ್ದೆ. ಇವತ್ತು ಅದರ ಮೇಲೆ ಪ್ಯಾಂಟು ಉಜ್ಜುವಾಗ ಎದ್ದ ಬಾರ್ ಸೋಪಿನ ವಾಸನೆ ಹಳೆಯದನ್ನೆಲ್ಲ ಎಬ್ಬಿಸಿತು.

ಮತ್ತೋಡಿನ ನಮ್ಮ ಹಿತ್ತಲಿನ ಆ ಕಲ್ಲಿನ ತುಂಬ ಏರಿಳಿತದ ಗೆರೆಗಳಿವೆ. ಈ ಮನೆಯ ಸೊಸೆಯರು ಬಟ್ಟೆ ಒಗೆದೂ ಒಗೆದೂ ಮೂಡಿದವು ಅವು ಎಂದು ಅಜ್ಜಿ ನಂಬಿದ್ದಳು. "ಇದು ನಮ್ಮತ್ತೆ ಗೆರೆ, ಇದು ನಂದು" ಎಂದು ಬೆರಳಾಡಿಸಿ, ಅವ್ವನಿಗೆ "ನಿಂದಿನ್ನೂ ಮೂಡಿಲ್ಲ ಕಣಮ್ಮ, ಜೋರಾಗಿ ಬಡಿ" ಎನ್ನುತ್ತಿದ್ದಳು.

ಒಮ್ಮೆ ಗುಡ್ಡದ ಕಲ್ಲು ನೋಡಲು ಬಂದ ಭೂವಿಜ್ಞಾನದ ಮೇಷ್ಟ್ರೊಬ್ಬರು ನಮ್ಮ ಹಿತ್ತಲಲ್ಲಿ ನೀರು ಕುಡಿಯುತ್ತ ಈ ಕಲ್ಲು ನೋಡಿ ನನಗೆ ಹೇಳಿದರು: "ಇವು ಅಲೆಯ ಗುರುತು ಕಣಪ್ಪ. ಕೋಟ್ಯಂತರ ವರ್ಷದ ಹಿಂದೆ ಇಲ್ಲಿ ಸಮುದ್ರವಿತ್ತು. ಆಮೇಲೆ ನೆಲವೇ ಸರಿದು ಮೇಲೆದ್ದಿದೆ."

ಓದು ಬೇಡವೆಂದು ಹೆಡ್‌ಮಾಸ್ಟರ ಮುಖಕ್ಕೇ ಹೇಳಿ ಶಾಲೆ ಬಿಟ್ಟವನು ನಾನು. ಅಜ್ಜಿಯ ಗೆರೆ ಅಳಿಸಲು ಮಾತ್ರ ಬಾಯಿ ಬರಲಿಲ್ಲ.

ಆ ಸತ್ಯ ಹೇಳದೆ ಊರು ಬಿಡಲು ಮನಸ್ಸಾಗದೆ ಇವತ್ತು ಅಜ್ಜಿಗೆ ಹೇಳಿಬಿಟ್ಟೆ. ನಾನು ಹೋಗಕೂಡದೆಂದು ಹಟ ಹಿಡಿದಿದ್ದ ಅಜ್ಜಿ, ಕಲ್ಲಿನ ಗೆರೆಗಳ ಮೇಲೆ ಅಂಗೈಯಾಡಿಸಿದಳು.

"ನೆಲಾನೇ ಕುಂತಲ್ಲಿ ಕುಂತಿಲ್ಲ ಅಂತೀಯ. ಇನ್ನು ನೀನು ಕುಂತೀಯೇನಲೇ? ಹೋಗ್ ಬಾ."

ನಾಳೆ ಬೆಳಿಗ್ಗೆ ಬೋರ್‌ವೆಲ್ ಲಾರಿಯ ಕೆಲಸಕ್ಕೆ ಹೊರಡುತ್ತಿದ್ದೇನೆ.