ಅತ್ತೆಯ ಹಲ್ಲು, ಎರಡು ಸೆನ್ಸರ್

ಹಾಲು ಕಾಯಿಸಿದ್ದು, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟದ್ದು, ತೊಗರಿಬೇಳೆ ಬಿಸಿಲಿಗೆ ಹಾಕಿದ್ದು, ಅತ್ತೆಯವರ ರೇಷ್ಮೆ ಸೀರೆಗೆ ಇಸ್ತ್ರಿ ಮಾಡಿದ್ದು, ಅವರ ಓಲೆಯನ್ನು ಸೋಪಿನ ನೀರಿನಲ್ಲಿ ಉಜ್ಜಿದ್ದು, ಗಾಂಧಿ ಬಜಾರಿಗೆ ಹೋಗಿ ತರಕಾರಿ ತಂದದ್ದು, ಐದು ಸಲ ಕಾಫಿ ಬೆರೆಸಿದ್ದು. ಆ ಭಾನುವಾರ ನಾನು ಮಾಡಿದ ಕೆಲಸ ಇಷ್ಟು. ನಮ್ಮವರು ಮತ್ತು ಅವರ ತಮ್ಮ ಮಾಡಬೇಕಾಗಿದ್ದ ಕೆಲಸ ಒಂದೇ ಒಂದು: ಅಮ್ಮನ ಫೋಟೋ ತೆಗೆಯುವುದು. ಬೆಳಿಗ್ಗೆ ಒಂಬತ್ತಕ್ಕೇ ಶುರು ಮಾಡಿದರು, ಪಾಪ.

ಅತ್ತೆಯವರಿಗೆ ಎಂಬತ್ತೊಂದು. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಅಲುಗಾಡುತ್ತಿದ್ದವು. ಸೋಮವಾರ ಕಿತ್ತುಬಿಡೋಣ ಎಂದು ಡಾಕ್ಟರು ಹೇಳಿಯಾಗಿತ್ತು. ಅಷ್ಟರೊಳಗೆ, ಸ್ವಂತ ಹಲ್ಲು ಕಾಣುವಂತೆ ನಗುವ ಒಂದು ಫೋಟೋ ಬೇಕೆಂದು ಅವರ ಆಸೆ. ಯಾಕೆಂಬುದನ್ನೂ ಮುಚ್ಚಿಡಲಿಲ್ಲ. ತಾವು ಹೋದ ಮೇಲೆ ನಡುಮನೆಯ ಗೋಡೆಗೆ ಹಾಕಲು. ನಮ್ಮಲ್ಲಿ ಆ ಫೋಟೋವನ್ನು ಯಾರೂ ಮುಂಚೆ ತೆಗೆಸಿಡುವುದಿಲ್ಲ, ಅಪಶಕುನ. ಆಮೇಲೆ ಗಾಬರಿಯಲ್ಲಿ ಯಾರದೋ ಮದುವೆ ಆಲ್ಬಮ್ಮಿನಿಂದ ಕತ್ತರಿಸಿ ದೊಡ್ಡದು ಮಾಡಿಸುತ್ತೇವೆ. ಮಾವನವರದು ಹಾಗೇ ಬಂದದ್ದು. ಅವರ ಹೆಗಲ ಮೇಲೆ ಇಂದಿಗೂ ಯಾರದೋ ಕೈ ಇದೆ.

"ನಂಗೆ ಹಂಗೆ ಮಾಡ್ಬೇಡ್ರಪ್ಪ," ಅಂದಿದ್ದರು ಅತ್ತೆ. "ಹಲ್ಲಿರೋವಾಗ್ಲೇ, ನಗ್ತಾ ಇರೋದು ಒಂದು ತೆಗೀರಿ."

ಇಬ್ಬರು ಮಕ್ಕಳ ಹತ್ತಿರವೂ ಕ್ಯಾಮೆರಾ ಇದೆ; ಕಷ್ಟ ಇರುವುದೇ ಅಲ್ಲಿ. ನಮ್ಮವರದರಲ್ಲಿ ಸೆನ್ಸರ್ ದೊಡ್ಡದು. ಸೆನ್ಸರ್ ಎಂದರೆ ಹಿಂದೆ ಫಿಲ್ಮ್ ಇರುತ್ತಿದ್ದ ಜಾಗದಲ್ಲಿ ಕೂತು ಬೆಳಕು ಹಿಡಿಯುವ ಚೂರು. ಊಟಕ್ಕೊಂದು ಸಲದಂತೆ ವಿವರಿಸಿ ನನ್ನನ್ನು ವಿದುಷಿ ಮಾಡಿದ್ದಾರೆ. ಮಲ್ಲೇಶ್ವರದ ಮೈದುನನದು ಚಿಕ್ಕ ಸೆನ್ಸರ್. ಆದರೆ ಲೆನ್ಸ್ ಹೊಸದು, ತೂಕದಲ್ಲಿ ನಮ್ಮ ರುಬ್ಬುಗುಂಡಿಗೆ ತಂಗಿ. ಸೆನ್ಸರ್ ಮೇಲೋ ಲೆನ್ಸ್ ಮೇಲೋ ಎಂಬುದು ಈ ಮನೆಯಲ್ಲಿ ಆಸ್ತಿ ಭಾಗಕ್ಕಿಂತ ಗಂಭೀರವಾದ ವಿಷಯ. ಆಸ್ತಿ ಅರ್ಧ ದಿನದಲ್ಲಿ ಭಾಗವಾಗಿತ್ತು.

ವರಾಂಡದಲ್ಲಿ ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಿದರು. ಎದುರಿಗೆ ಎರಡು ಕ್ಯಾಮೆರಾ, ಅಕ್ಕಪಕ್ಕ.

"ಮೊದ್ಲು ಟೆಸ್ಟ್, ಅಮ್ಮ. ನಗ್ಬೇಡ, ಬಾಯಿ ಮುಚ್ಕೊಂಡು ಅಲ್ಲಾಡ್ದೆ ಕೂತ್ಕೋ," ಅಂದರು ನಮ್ಮವರು. "ನಕ್ರೆ ಕೆನ್ನೆ ಅಲುಗತ್ತೆ, ಕಂಪೇರ್ ಮಾಡಕ್ಕಾಗಲ್ಲ."

ಅತ್ತೆ ಬಾಯಿ ಮುಚ್ಚಿದರು. ಇಬ್ಬರೂ ತೆಗೆದು, ಲ್ಯಾಪ್‌ಟಾಪಿಗೆ ಹಾಕಿ, ಹೆತ್ತ ತಾಯಿಯ ಎಡಗಿವಿಯನ್ನು ಹಪ್ಪಳದಷ್ಟು ಅಗಲ ಮಾಡಿಕೊಂಡು ಕೂತರು.

"ನೋಡಣ್ಣ, ಓಲೆ ಸುತ್ತ ನೇರಳೆ ಗೆರೆ. ನಿನ್ನ ಲೆನ್ಸ್ ಕಥೆ ಇಷ್ಟೇ."

"ನಿಂದ್ರಲ್ಲಿ ಕುತ್ತಿಗೆ ಕೆಳಗಿನ ನೆರಳು ನೋಡೋ. ರವೆ ಉದುರ್ಸಿದ ಹಾಗಿದೆ."

ನಾನೂ ಬಗ್ಗಿ ನೋಡಿದೆ. ರವೆ ಇಬ್ಬರದರಲ್ಲೂ ಇತ್ತು. ಒಬ್ಬರದು ಚಿರೋಟಿ ರವೆ, ಇನ್ನೊಬ್ಬರದು ಉಪ್ಪಿಟ್ಟಿನ ರವೆ. ತಜ್ಞರ ನಡುವೆ ಬಾಯಿ ಹಾಕುವುದು ಬೇಡವೆಂದು ಒಳಗೆ ಹೋದೆ.

ಆಮೇಲೆ ಸೀರೆಯ ಜರಿ. ಆಮೇಲೆ ಬಿಳಿಗೂದಲು, ಒಂದೊಂದಾಗಿ ಬಿಡಿಬಿಡಿ ಕಾಣುತ್ತದೆಯೇ ಎಂದು. ಲೆನ್ಸ್ ಬದಲಾಯಿಸಿ ಮತ್ತೊಂದು ಸುತ್ತು. ಅತ್ತೆ ಮೂಲೆಯಲ್ಲಿಟ್ಟ ಕುಂಬಳಕಾಯಿಯ ಹಾಗೆ ಕೂತೇ ಇದ್ದರು. ಮೂರು ಗಂಟೆಗೆ "ಈಗ ನಗ್ಲೇನ್ರೋ?" ಎಂದು ಕೇಳಿದರು. "ಐದೇ ನಿಮಿಷ" ಎಂದು ಇಬ್ಬರೂ ಒಕ್ಕೊರಲಿನಿಂದ ಹೇಳಿದರು. ಅವತ್ತು ಅಣ್ಣತಮ್ಮ ಇಬ್ಬರೂ ಒಪ್ಪಿದ್ದು ಅದೊಂದನ್ನೇ.

ನಾಲ್ಕಕ್ಕೆ ಪಕ್ಕದ ಹೊಸ ಅಪಾರ್ಟ್‌ಮೆಂಟಿನ ನೆರಳು ವರಾಂಡಕ್ಕೆ ಬಂತು. ಬೆಳಕು ಹೋಯಿತಲ್ಲ ಎಂದು ನಾನು ಹೊರಗೆ ಓಡಿ ಬಂದರೆ ನಮ್ಮವರ ಮುಖ ಅರಳಿತು. "ಈಗ ಗೊತ್ತಾಗತ್ತೆ ದೊಡ್ಡ ಸೆನ್ಸರ್ ಅಂದ್ರೇನು ಅಂತ!"

"ರೀ, ಅವರು ನಗಬೇಕಿತ್ತು," ಅಂದೆ.

"ಇರೇ, ಇದೊಂದು ಆಗ್ಲಿ."

ಐದೂವರೆಗೆ ಇಬ್ಬರೂ ಒಟ್ಟಿಗೆ ಬಟನ್ ಒತ್ತುವ ಹೊತ್ತಿಗೆ ಸರಿಯಾಗಿ ಅತ್ತೆ ಎದ್ದು ನಿಂತು ಬೆರಳೆತ್ತಿದರು. "ಸಾಕು ಮಾಡ್ರೋ, ಮುಂಡೇವಾ! ನಾಳೆ ನನ್ ಹಲ್ಲು ಕೀಳ್ತಾರೆ, ನಿಮಗೆ ಕಿವಿ ಬೇಕಾ?"

ದೀಪ ಹಾಕಿ, ಈಗಲಾದರೂ ಒಂದು ನಗಿ ಅತ್ತೆ, ಎಂದು ನಾನು ಕೇಳಿಕೊಂಡೆ. "ಈಗ ಎಲ್ಲಿಂದ ಬರತ್ತಮ್ಮ ನಗು," ಎಂದು ಸೊಂಟ ಹಿಡಿದುಕೊಂಡು ಒಳಗೆ ಹೋದರು.

ಅಣ್ಣತಮ್ಮಂದಿರು ಎರಡೂ ಕ್ಯಾಮೆರಾದ ಫೋಟೋಗಳನ್ನು ಟೀವಿಯಲ್ಲಿ ಅಕ್ಕಪಕ್ಕ ಹಾಕಿ ನೋಡಿದರು. ನೂರಾರು ಫೋಟೋ, ಎಲ್ಲದರಲ್ಲೂ ಬಾಯಿ ಮುಚ್ಚಿದೆ. ಹಲ್ಲು ಕಾಣುತ್ತಿದ್ದದ್ದು ಕೊನೆಯ ಜೋಡಿಯಲ್ಲಿ ಮಾತ್ರ: ಕಣ್ಣು ಕೆಕ್ಕರಿಸಿ, ಬಾಯಿ ತೆರೆದು, ಬೆರಳು ಎತ್ತಿ ಬೈಯುತ್ತಿರುವ ಅಮ್ಮ.

"ಇದು ಅಲ್ಲಾಡಿದೆ, ತೆಗೆದುಹಾಕ್ತೀನಿ," ಅಂದ ಮೈದುನ.

"ಮುಟ್ಟಬೇಡ," ಎಂದು ಅತ್ತೆ ಟೀವಿಯ ಹತ್ತಿರ ಹೋದರು. ಫೋಟೋದಲ್ಲಿನ ಹಲ್ಲಿನ ಮೇಲಿನ ಸಾಲನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಎರಡೂ ಇದಾವೆ. ಇದೇ ಹಾಕ್ಸಿ. ನಗು ಇಲ್ದಿದ್ರೆ ಬೇಡ, ಗೋಡೆ ಮೇಲಿಂದ ಬೈತಾ ಇರ್ತೀನಿ."

"ಎರಡ್ರಲ್ಲಿ ಯಾವುದಮ್ಮ?"

"ಯಾವುದು ಯಾರದ್ದು?"

ಇಬ್ಬರೂ ಎಡಗಡೆಯದು ತನ್ನದೆಂದರು.

"ಹಾಗಾದ್ರೆ ಬಲಗಡೇದು ಹಾಕ್ಸಿ," ಅಂದರು ಅತ್ತೆ.

ರಾತ್ರಿಗೆ ಬಿಸಿ ಅನ್ನ, ನಿಂಬೆಹಣ್ಣಿನ ಸಾರು. ಸಂಡಿಗೆ ಕರಿದೆ; ಅತ್ತೆ ಎರಡನ್ನು ಸಾರಿನಲ್ಲಿ ಅದ್ದಿ ಮೆತ್ತಗಾಗಿಸಿಕೊಂಡು ತಿಂದರು. ಮೈದುನ ಊಟ ಮಾಡಿಕೊಂಡು ಮಲ್ಲೇಶ್ವರಕ್ಕೆ ಹೋದ. ಮೊದಲು ನಿದ್ದೆ ಹೋದವರು ಅತ್ತೆ.