ಅಪ್ಪನ ಚಪ್ಪಲಿಯ ವಾಷರ್

ಅಪ್ಪ ತೀರಿಕೊಂಡ ಮೇಲೆ ಅವ್ವ ಮೊದಲ ಸಲ ಚಹಾ ಮಾಡಲು ಕೂತ ದಿನ, ಎಷ್ಟು ಪಂಪು ಹೊಡೆದರೂ ಸೀಮೆಎಣ್ಣೆ ಸ್ಟೋವ್ ಗಾಳಿ ಹಿಡಿಯಲಿಲ್ಲ. ಎಪ್ಪತ್ತರ ದಶಕದಲ್ಲಿ ನಾವು ಆಂಟಾಪ್ ಹಿಲ್‌ನ ಒಂದೇ ಖೋಲಿಯ ಮನೆಯಲ್ಲಿದ್ದೆವು. ನಾನು ಪಂಪು ಬಿಚ್ಚಿ ನೋಡಿದೆ. ಒಳಗಿನ ಚರ್ಮದ ವಾಷರ್ ಹರಿದಿತ್ತು. ಹಳೇ ಚರ್ಮವನ್ನು ದುಂಡಗೆ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ ಹೊಸ ವಾಷರ್ ಮಾಡುವುದನ್ನು ಅಪ್ಪ ಮಗಳಾದ ನನಗೆ ಕಲಿಸಿದ್ದ.

“ಅವ್ವಾ, ಹಳೇ ಚರ್ಮ ಏನರ ಐತೇನು?” ಎಂದೆ.

ಅವಳು ಎದ್ದು, ಬಾಗಿಲ ಬಳಿ ಯಾರಿಗೂ ಮುಟ್ಟಗೊಡದೆ ಇಟ್ಟಿದ್ದ ಅಪ್ಪನ ಚಪ್ಪಲಿಗಳಲ್ಲಿ ಒಂದನ್ನು ತಂದು ನನ್ನ ಮುಂದಿಟ್ಟಳು.

“ಇದರಾಗ ಕತ್ತರಸು. ಅವರಿದ್ದಿದ್ರೂ ಹಿಂಗ ಮಾಡ್ತಿದ್ರು.”

ಸ್ಟೋವ್ ಹತ್ತಿತು. ಇನ್ನೊಂದು ಚಪ್ಪಲಿ ಈಗಲೂ ನನ್ನ ಪಕ್ಕಡ್, ಪಾನಾಗಳಂಥ ರಿಪೇರಿ ಸಾಮಾನುಗಳ ಡಬ್ಬಿಯಲ್ಲಿದೆ. ಅದನ್ನು ಮಾತ್ರ ನಾನು ಕತ್ತರಿಸಿಲ್ಲ.